ಮಾವನ ಹೋಟೆಲಿನಲ್ಲಿ ಉಳಿಯುವುದಿಲ್ಲ

"ಎರಡು ರೂಮ್ ಸಾಕಲ್ಲ?"

ಶೋಧನ್ ಕಳಿಸಿದ ಮೆಸೇಜಿನಲ್ಲಿ ಇದ್ದದ್ದು ಅಷ್ಟೇ. ಸುರಕ್ಷಾ ಓದಿ ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದಳು. ಮತ್ತೆ ಎತ್ತಿ ಓದಿದಳು. ಅಕ್ಷರಗಳೇನೂ ಬದಲಾಗಿರಲಿಲ್ಲ.

ನಿಶ್ಚಿತಾರ್ಥವಾಗಿ ಇನ್ನೂ ತಿಂಗಳು ತುಂಬಿರಲಿಲ್ಲ. ಫೆಬ್ರವರಿಯಲ್ಲಿ ಮದುವೆ. ಅದಾದ ಮೇಲೆ ಮೊದಲು ನಾಸಿಕ್‌ನ ದ್ರಾಕ್ಷಿ ತೋಟಗಳು, ವೈನ್ ಮಾಡುವ ಊರುಗಳು. ಅಲ್ಲಿಂದ ಘಟ್ಟ ಇಳಿದು ಕೊಂಕಣದ ಕಡಲತೀರ ಎಂದು ಇಬ್ಬರೂ ಫೋನಿನಲ್ಲೇ ಮಾತಾಡಿಕೊಂಡಿದ್ದರು. ದ್ರಾಕ್ಷಿ ಅವನ ಆಸೆ, ಕಡಲು ಅವಳದು. ಹನಿಮೂನ್ ಎಂಬ ಶಬ್ದ ಇಬ್ಬರ ಬಾಯಿಂದಲೂ ಹೊರಟಿರಲಿಲ್ಲ. 'ಆ ಟ್ರಿಪ್' ಎನ್ನುತ್ತಿದ್ದರು. ಈಗ ಆ ಟ್ರಿಪ್ಪಿಗೆ ಎರಡು ರೂಮು!

"ಗಂಡಿಗೆ ಗೊರಕೆ ಜೋರಿರಬೇಕು," ಎಂದಳು ಸಮೀನಾ. ಮೂಡುಬಿದಿರೆಯ ಆ ಫಿಸಿಯೋಥೆರಪಿ ಕ್ಲಿನಿಕ್ಕಿನಲ್ಲಿ ಇಬ್ಬರದೂ ಪಕ್ಕಪಕ್ಕದ ಮೇಜು. "ಒಳ್ಳೆಯ ಜನ. ಮದುವೆಗೆ ಮೊದಲೇ ಹೇಳಿಬಿಟ್ರು."

"ಸುಮ್ಮನಿರು ಮಾರಾಯ್ತಿ."

ಸುಮ್ಮನಿರಲು ಸುರಕ್ಷಾಳಿಗೇ ಆಗಲಿಲ್ಲ. ಈ ಮದುವೆ ಅವನಿಗೆ ಮನಸ್ಸಿಲ್ಲದ ಮದುವೆಯೋ? ಹಿರಿಯರು ಹೇಳಿದ್ದಕ್ಕೆ ತಲೆಯಾಡಿಸಿದನೋ? ಶನಿವಾರ ಮಧ್ಯಾಹ್ನ ಕ್ಲಿನಿಕ್ ಮುಚ್ಚಿದ ಕೂಡಲೇ ಬಂಟ್ವಾಳದ ಬಸ್ಸು ಹತ್ತಿದಳು. ಬರುತ್ತೇನೆಂದು ಅವನಿಗೆ ಹೇಳಲಿಲ್ಲ.

ಬಿ.ಸಿ. ರೋಡಿನಲ್ಲಿ ಶೋಧನ್‌ನ ಹೋಟೆಲು. ಒಳಗೆ ಗೋಳಿಬಜೆಯ ಪರಿಮಳ, ತಟ್ಟೆಗಳ ಸದ್ದು. ಕೌಂಟರಿನಲ್ಲಿ ಅವನು ಒಬ್ಬರಿಗೆ ಚಿಲ್ಲರೆ ಕೊಡುತ್ತಿದ್ದ. ತಲೆಯೆತ್ತಿ ಅವಳನ್ನು ಕಂಡ. ಕೈಯಲ್ಲಿದ್ದ ನೋಟು ಕೈಯಲ್ಲೇ ಉಳಿಯಿತು.

"ಚಿಲ್ಲರೆ ಶೆಟ್ರೇ," ಎಂದರು ಗಿರಾಕಿ.

"ಹಾಂ... ಕೂತ್ಕೊಳ್ಳಿ," ಎಂದ ಅವನು. ಯಾರಿಗೆ ಹೇಳಿದನೋ, ಊಟ ಮುಗಿಸಿ ಹೊರಟಿದ್ದ ಗಿರಾಕಿ ಪಾಪ ಒಂದು ಕ್ಷಣ ಕೂರಲು ಜಾಗ ಹುಡುಕಿದರು.

ಫ್ಯಾಮಿಲಿ ರೂಮಿನ ಮೂಲೆಯಲ್ಲಿ ಕೂತ ಮೇಲೆ ಸುರಕ್ಷಾ ಸುತ್ತುಬಳಸಲಿಲ್ಲ. ಫೋನು ತೆಗೆದು ಅವನ ಮುಂದೆ ಇಟ್ಟಳು.

"ಇದೆಂತ? ನಾನು ಒಂದು ರೂಮಲ್ಲಿ, ನೀವು ಒಂದು ರೂಮಲ್ಲಿಯಾ?"

ಅವನು ಓದಿದ. ಓದುತ್ತಾ ಓದುತ್ತಾ ಕಿವಿಯ ತುದಿ ಕೆಂಪಾಯಿತು.

"ಅಯ್ಯೋ, ಹಾಗಲ್ಲ ಮಾರಾಯ್ರೇ! ನಾಸಿಕ್‌ನಲ್ಲಿ ಒಂದು, ಕಡಲ ಹತ್ತಿರ ಒಂದು. ಒಟ್ಟಿಗೆ ಎರಡು."

ಅವಳಿಗೆ ನಗು ತಡೆಯಲಾಗಲಿಲ್ಲ. ಅವನಿಗೂ. ಕಾಫಿ ತಂದ ಸಪ್ಲಾಯರ್ ಇಬ್ಬರನ್ನೂ ನೋಡಿ, ಕೇಳದೇ ಇದ್ದ ಎರಡು ಬನ್ಸ್ ಕೂಡ ಇಟ್ಟು ಹೋದ. ಅಡುಗೆಮನೆಯ ಕಿಂಡಿಯಲ್ಲಿ ಮೂರು ತಲೆಗಳು ಕಂಡು ಮಾಯವಾದವು.

"ನೋಡಿ," ಎಂದಳು ಸುರಕ್ಷಾ ಸ್ವರ ತಗ್ಗಿಸಿ, "ನನಗೆ ಇದು ಇಲ್ಲದ ಜಾಗ ಬೇಕು. ಮನೆಯಲ್ಲಿ ಅಮ್ಮ ಕೇಳ್ತಾರೆ, ಕಡಲು ನೋಡ್ಲಿಕ್ಕೆ ಅಷ್ಟು ದೂರ ಹೋಗ್ಬೇಕಾ, ಪಣಂಬೂರು ಎಂತ ಪಾಪ ಮಾಡಿದೆ ಅಂತ. ಪಣಂಬೂರಿಗೆ ಹೋದರೆ ಹತ್ತು ಹೆಜ್ಜೆಗೆ ಒಬ್ಬರು ಸಿಗ್ತಾರೆ. 'ನೀನು ಯಾರ ಮಗಳು? ಯಾವ ಗುತ್ತುಮನೆಯವಳು? ಜೊತೆಯಲ್ಲಿ ಯಾರು?' ನಮ್ಮನ್ನು ಯಾರೂ ಕೇಳದ ಜಾಗದಲ್ಲಿ, ಒಮ್ಮೆ ನಾವಿಬ್ಬರೇ ಇರಬೇಕು ಅಂತ ನನಗೆ."

'ನಾವಿಬ್ಬರೇ' ಎಂದ ಮೇಲೆ ಅವಳು ಬನ್ಸ್ ನೋಡಿದಳು. ಅವನು ಅವಳನ್ನು ನೋಡಿದ. ಹಾಗೆ ಅವನು ನೇರವಾಗಿ, ಕಣ್ಣು ತೆಗೆಯದೆ ನೋಡಿದ್ದು ಅದೇ ಮೊದಲು.

"ಹುಡುಕುವ," ಎಂದ ಮೆಲ್ಲಗೆ.

ಹುಡುಕಿದರು. ಫೋನು ಒಂದೇ, ತಲೆಗಳು ಎರಡು. ಈಜುಕೊಳವಿರುವ ದೊಡ್ಡ ರೆಸಾರ್ಟ್ ಬೇಡ ಎಂದಳು ಅವಳು. ಅಲ್ಲಿ ಶನಿವಾರ ಮ್ಯೂಸಿಕ್ ಉಂಟಂತೆ. ಟೆಂಟ್ ಬೇಡ ಎಂದ ಅವನು. ಮಲಗುವಾಗ ತಲೆಯ ಮೇಲೊಂದು ಗಟ್ಟಿ ಮಾಡು ಬೇಕು. ಕೊನೆಗೆ ಸಿಕ್ಕಿತು. ದ್ರಾಕ್ಷಿ ಸಾಲುಗಳ ನಡುವೆ, ಸಣ್ಣ ಗುಡ್ಡದ ಮೇಲೆ ಒಂದೇ ಒಂದು ಮನೆ. ಕಲ್ಲಿನ ಗೋಡೆ, ನೀಲಿ ಬಾಗಿಲು. ಮುಂದೆ ಒಂದು ಜಗಲಿ, ಕೆಳಗೆ ಕಣ್ಣು ಹಾಯುವವರೆಗೆ ಹಸಿರು. ಕಡಲಿಗೆ, ಮುರುಡ್ ದಾರಿಯಲ್ಲಿ ಬಂಡೆಗಳ ಮೇಲಿನ ಒಂದು ಮನೆ. ವಯಸ್ಸಾದ ಹೆಂಗಸೊಬ್ಬರು ನಡೆಸುವುದು, ಅಡುಗೆಯೂ ಅವರದೇ.

"ನೀವು ವೈನ್ ಕುಡಿದಿದ್ದೀರಾ?" ಅವನು ಕೇಳಿದ.

"ಪಕ್ಕದ ಮನೆಯ ಕ್ರಿಶ್ಚಿಯನ್ ಆಂಟಿ ಕ್ರಿಸ್ಮಸ್‌ಗೆ ಮಾಡಿ ಕೊಡ್ತಾರೆ. ಔಷಧಿಯ ಮುಚ್ಚಳದಷ್ಟು. ನೀವು?"

"ನಾನು ಮೂರು ವರ್ಷ ನಾಸಿಕ್‌ನಲ್ಲಿದ್ದವ. ಒಂದು ಹನಿ ಕುಡಿಯಲಿಲ್ಲ. ಒಂದು ತೋಟ ನೋಡಲಿಲ್ಲ."

ಯಾಕೆ ಎಂದು ಅವಳು ಕೇಳುವುದರೊಳಗೆ ಕೌಂಟರಿನಿಂದ ಕರೆ ಬಂತು.

*

ಎರಡು ರೂಮುಗಳನ್ನೂ ಬುಕ್ ಮಾಡುವ ಮೊದಲೇ ರಮಾನಾಥ ಶೆಟ್ಟರು ಊರಿಗೆ ಬಂದರು.

ರಮಾನಾಥ ಶೆಟ್ಟರು ಶೋಧನ್‌ನ ಸೋದರಮಾವ. ನಾಸಿಕ್‌ನಲ್ಲಿ ಬಸ್ ನಿಲ್ದಾಣದ ಎದುರು ಅವರದು ದೊಡ್ಡ ಹೋಟೆಲು. ಕೆಳಗೆ ಊಟ, ಮೇಲೆ ಲಾಡ್ಜ್. ನಮ್ಮವರಲ್ಲಿ ಸೋದರಮಾವನ ಮಾತೆಂದರೆ ಮನೆಯ ಕೊನೆಯ ಮಾತು. ಶೋಧನ್‌ಗೆ ಅದು ಇನ್ನೂ ಹೆಚ್ಚು. ಅವನಿಗೆ ಹೋಟೆಲಿನ ಕೆಲಸ ಕೈಹಿಡಿದು ಕಲಿಸಿದವರೇ ಅವರು.

ಅಳದಂಗಡಿಯ ಮಾವನ ಮನೆಯಲ್ಲಿ ಭಾನುವಾರ ಊಟ. ಕೋರಿ ರೊಟ್ಟಿ ಬಡಿಸುತ್ತಾ ಶಶಿಪ್ರಭಾ ಮಾಮಿ ಸುರಕ್ಷಾಳನ್ನು ಪಕ್ಕದಲ್ಲೇ ಕೂರಿಸಿಕೊಂಡರು. ಮಾವನ ಹೆಂಡತಿ ಅವರು. ಮಾತು ಕಡಿಮೆ, ನೋಡುವುದು ಹೆಚ್ಚು.

"ನಾಸಿಕ್‌ಗೆ ಬರ್ತೀರಂತೆ!" ಮಾವ ಸಂಭ್ರಮದಿಂದ ಹೇಳಿದರು. "ನನಗೆ ಎಷ್ಟು ಖುಷಿ ಗೊತ್ತುಂಟಾ? ನಮ್ಮ ಲಾಡ್ಜ್‌ನಲ್ಲಿ ಮೇಲಿನ ಮಾಳಿಗೆ ಪೂರಾ ಖಾಲಿ ಮಾಡಿಸ್ತೇನೆ. ಹೊಸ ಮಂಚ, ಹೊಸ ಎ.ಸಿ. ಮ್ಯಾನೇಜರ್ ನಮ್ಮ ನೆರಿಯದವ, ಅಡುಗೆಯವರು ಕನ್ಯಾನದವರು. ಬೆಳಿಗ್ಗೆ ನೀರುದೋಸೆ ರೂಮಿಗೇ ಬರ್ತದೆ. ಸುತ್ತಲಿಕ್ಕೆ ನಮ್ಮ ಹುಕ್ರಪ್ಪನ ಕಾರು, ನಾಲ್ಕು ದಿನವೂ ನಿಮ್ಮೊಟ್ಟಿಗೇ. ಕಡಲಿಗೆ ಹೋದರೆ ಅಲಿಬಾಗ್‌ನಲ್ಲಿ ನನ್ನ ಪಾರ್ಟ್‌ನರ್‌ನ ಲಾಡ್ಜ್. ಅವನೂ ನಮ್ಮವನೇ. ನಿಮಗೆ ಎಲ್ಲಿಯೂ ಪರಕೀಯ ಅಂತ ಆಗ್ಲಿಕ್ಕಿಲ್ಲ!"

ಸುರಕ್ಷಾ ಶೋಧನ್‌ನ ಕಡೆ ನೋಡಿದಳು. ಅವನು ತಟ್ಟೆ ನೋಡುತ್ತಿದ್ದ.

"ಏನು ಮಗಾ, ಆಗಬಹುದಲ್ಲ?"

"ಆಯ್ತು ಮಾವ."

ಅಷ್ಟೇ. ನೀಲಿ ಬಾಗಿಲಿನ ಮನೆ ಅಲ್ಲೇ ಮುಚ್ಚಿಹೋಯಿತು.

ಹಿಂದಿರುಗುವಾಗ ಅವನು ಕಾರು ಓಡಿಸುತ್ತಿದ್ದ. ವೇಣೂರು ದಾಟಿತು. ಅವನು ಬದಿಗೆ ನಿಲ್ಲಿಸಿ ಎರಡು ಎಳನೀರು ತಂದ. ಅವಳು ತೆಗೆದುಕೊಂಡಳು, ಕುಡಿಯಲಿಲ್ಲ.

"ಸಿಟ್ಟಾ?"

"ಸಿಟ್ಟಲ್ಲ. ಹೆದರಿಕೆ."

"ಎಂತದ್ದು?"

"ನೀವು 'ಆಯ್ತು' ಅಂದ ರೀತಿ. ಒಮ್ಮೆ ನನ್ನ ಮುಖ ನೋಡಿ 'ಎಂತ ಮಾಡುವ' ಅಂತ ಕಣ್ಣಲ್ಲೇ ಕೇಳಿದ್ದರೂ ಸಾಕಿತ್ತು. ಇವತ್ತು ರೂಮು. ನಾಳೆ ನಾವು ಇರುವ ಮನೆ, ನಾಡಿದ್ದು ನನ್ನ ಕೆಲಸ. ಎಲ್ಲದಕ್ಕೂ ತಟ್ಟೆ ನೋಡ್ಕೊಂಡು ಆಯ್ತು ಅಂದ್ರೆ?"

ಅವನು ತನ್ನ ಎಳನೀರನ್ನು ಬದಿಗಿಟ್ಟ. ಆಮೇಲೆ ಮಾತು ಮೆಲ್ಲ ಮೆಲ್ಲ ಬಂತು.

"ಮೂರು ವರ್ಷ ಆ ಕೌಂಟರಿನಲ್ಲಿ ನಿಂತವ ನಾನು. ಶುಕ್ರವಾರ ಸಂಜೆ ಮುಂಬೈಯಿಂದ ಜೋಡಿಗಳು ಬರ್ತಿದ್ವು. ನಮ್ಮಲ್ಲಿ ಊಟ ಮಾಡಿ, ದ್ರಾಕ್ಷಿ ತೋಟಕ್ಕೆ ದಾರಿ ಕೇಳ್ತಿದ್ರು. ನಾನು ದಾರಿ ಹೇಳ್ತಿದ್ದೆ. ಬೋರ್ಡಿನಲ್ಲಿ ಓದಿ ಗೊತ್ತು ಅಷ್ಟೇ, ಹೋಗಿ ಗೊತ್ತಿಲ್ಲ. ಒಂದು ದಿನ ನಾನೂ ಯಾರನ್ನಾದರೂ ಕರ್ಕೊಂಡು ಆ ದಾರಿಯಲ್ಲಿ ಹೋಗ್ತೇನೆ ಅಂತ ಎಣಿಸಿಕೊಂಡಿದ್ದೆ." ಅವಳ ಕಡೆ ತಿರುಗಿದ. "ನಿಶ್ಚಿತಾರ್ಥದ ದಿನ ನೀವು ಫೋಟೋಗ್ರಾಫರ್‌ಗೆ 'ಸಾಕು, ಇನ್ನು ಊಟ ಮಾಡ್ತೇವೆ' ಅಂದ್ರಲ್ಲ, ಆಗಲೇ ಗೊತ್ತಾಯ್ತು ಆ ಯಾರಾದರೂ ಯಾರು ಅಂತ."

ಅವಳು ಆಗ ಎಳನೀರಿನ ಒಂದು ಗುಟುಕು ಕುಡಿದಳು. ಆದರೆ ಬಿಟ್ಟುಕೊಡಲಿಲ್ಲ.

"ಇದನ್ನೇ ಮಾವನಿಗೆ ಹೇಳಿ."

"ಅವರಿಗೆ ಬೇಜಾರಾದೀತು."

"ನನಗಾದ್ದು?"

ಅವನು ಕಾರು ಚಾಲೂ ಮಾಡಿದ.

"ನಾನು ಹೇಳುವುದಿಲ್ಲ," ಎಂದಳು ಅವಳು. "ಹೇಳ್ಲಿಕ್ಕೆ ನನಗೆ ಧೈರ್ಯ ಉಂಟು. ಆದರೆ ಅದು ನನ್ನ ಮಾತಲ್ಲ, ನಿಮ್ಮದು. ನಿಮ್ಮಿಂದ ಆಗದಿದ್ದರೆ ಮದುವೆಗೆ ಮೊದಲೇ ನನಗೆ ಗೊತ್ತಾಗಬೇಕು."

ಮನೆಯ ಗೇಟಿನಲ್ಲಿ ಇಳಿದು ಹಿಂದೆ ನೋಡದೆ ಒಳಗೆ ಹೋದಳು. ಒಳಗೆ ಹೋಗಿ ಕಿಟಕಿಯ ಪರದೆಯ ಸಂದಿನಿಂದ ನೋಡಿದಳು. ಕಾರು ಇನ್ನೂ ಅಲ್ಲೇ ನಿಂತಿತ್ತು.

*

ಆಮೇಲಿನ ದಿನಗಳಲ್ಲಿ ಅವನಿಂದ 'ಗುಡ್ ಮಾರ್ನಿಂಗ್' ಬಿಟ್ಟರೆ ಬೇರೇನೂ ಬರಲಿಲ್ಲ. ಅವಳೂ 'ಗುಡ್ ಮಾರ್ನಿಂಗ್' ಎಂದಷ್ಟೇ ಬರೆದಳು. ಮದುವೆಯ ಸೀರೆ ಆರಿಸುವಾಗ ಅಮ್ಮ "ಈ ಬಣ್ಣ ಇಷ್ಟ ಇಲ್ವಾ?" ಎಂದು ಕೇಳಿದರೆ, ಯಾವ ಬಣ್ಣ ಎಂದೇ ಅವಳು ನೋಡಿರಲಿಲ್ಲ.

"ಒಂದು ರೂಮಿಗೋಸ್ಕರ ಇಷ್ಟೊಂದಾ?" ಸಮೀನಾ ಕೇಳಿದಳು.

"ರೂಮಿಗಲ್ಲ."

"ಗೊತ್ತುಂಟು. ಸುಮ್ಮನೆ ಕೇಳಿದೆ."

ಆ ಶನಿವಾರ ಮೂಡುಬಿದಿರೆಯಲ್ಲಿ ಕಬಡ್ಡಿ ಪಂದ್ಯಾಟ. ಊರಿನ ತಂಡಕ್ಕೆ ಸುರಕ್ಷಾಳೇ ಫಿಸಿಯೋ. ಮೈದಾನದ ಬದಿಯಲ್ಲಿ ಶಾಮಿಯಾನದ ಕೆಳಗೆ ಒಂದು ಬೆಂಚು, ಮಂಜುಗಡ್ಡೆಯ ಡಬ್ಬಿ, ಟೇಪಿನ ಸುರುಳಿಗಳು. ಸೆಮಿಫೈನಲ್ ಗೆದ್ದು ಬಂದ ರೈಡರ್ ಹನೀಫಾನ ಪಾದದ ಗಂಟು ಊದಿತ್ತು. ಅವಳು ಟೇಪು ಸುತ್ತುತ್ತಿದ್ದಳು. ಇಳಿಬಿಸಿಲು, ಧೂಳು, ಮೈಕಿನ ಗದ್ದಲ.

"ಓ, ಮದುಮಗಳು ಇಲ್ಲಿದ್ದಾಳೆ!"

ರಮಾನಾಥ ಶೆಟ್ಟರು. ಟ್ರೋಫಿ ಕೊಡಲು ಬಂದ ಅತಿಥಿ. ಕೊರಳಲ್ಲಿ ಇನ್ನೂ ಶಾಲು. ಜೊತೆಗೆ ಶಶಿಪ್ರಭಾ ಮಾಮಿ. ಅವರ ಹಿಂದೆ ಶೋಧನ್. ನಿದ್ದೆ ಕಾಣದ ಕಣ್ಣು. ಅಂಗಿಗೆ ಮಾತ್ರ ಎಂದಿಗಿಂತ ನೀಟಾಗಿ ಇಸ್ತ್ರಿ.

"ಹುಕ್ರಪ್ಪ ಈಗಲೇ ಕಾರು ಸರ್ವೀಸಿಗೆ ಬಿಟ್ಟಿದ್ದಾನೆ," ಮಾವ ಶುರುಮಾಡಿದರು. "ಹೋಟೆಲಿನವರೆಲ್ಲ ಸೇರಿ ನಿಮಗೆ ಸ್ಟೇಷನ್ನಿನಲ್ಲೇ ಹಾರ..."

"ಮಾವ."

ಶೋಧನ್‌ನ ಸ್ವರ ದೊಡ್ಡದೇನೂ ಆಗಿರಲಿಲ್ಲ. ಆದರೂ ಸುರಕ್ಷಾಳ ಕೈ ಟೇಪಿನ ಮೇಲೆ ನಿಂತಿತು.

"ನಾವು ನಿಮ್ಮ ಹೋಟೆಲಿನಲ್ಲಿ ಉಳಿಯುವುದಿಲ್ಲ ಮಾವ."

ಮಾವನ ನಗು ಹಾಗೇ ಉಳಿದು, ಆಮೇಲೆ ಮೆಲ್ಲಗೆ ಇಳಿಯಿತು.

"ಯಾಕೆ? ನನ್ನ ಹೋಟೆಲಿಗೆ ಎಂತ ಕಡಿಮೆಯಾಗಿದೆ?"

"ಏನೂ ಕಡಿಮೆಯಾಗಲಿಲ್ಲ. ನನಗೆ ಅನ್ನ ಕೊಟ್ಟ ಜಾಗ ಅದು. ಅಲ್ಲಿ ಉಳಿದರೆ ನಾನು ಬೆಳಿಗ್ಗೆ ಐದಕ್ಕೆ ಎದ್ದು ಕೌಂಟರಿಗೆ ಇಳೀತೇನೆ. ನೀವು ಬೇಡ ಅಂದ್ರೂ ಇಳೀತೇನೆ. ನನಗೆ ನನ್ನ ಗುರ್ತ ಉಂಟು." ಅವನು ಉಸಿರು ತೆಗೆದುಕೊಂಡ. "ಒಂದು ಮಧ್ಯಾಹ್ನ ಇವಳನ್ನು ಕರ್ಕೊಂಡು ಊಟಕ್ಕೆ ಬರ್ತೇನೆ. ಆಶೀರ್ವಾದಕ್ಕೆ ಎಲ್ಲರ ಕಾಲು ಹಿಡೀತೇನೆ. ಆದರೆ ಉಳಿಯುವುದು ಮಾತ್ರ ನಾವೇ ಆರಿಸಿದ ಮನೆಯಲ್ಲಿ. ಕಾರೂ ಬೇಡ. ನಾನೇ ಓಡಿಸ್ತೇನೆ. ಸುರಕ್ಷಾಳಿಗೆ ಮಾತು ಕೊಟ್ಟಿದ್ದೆ, ಅವತ್ತು ನಿಮ್ಮೆದುರು ಬಾಯಿ ಬರಲಿಲ್ಲ. ಅದು ನನ್ನ ತಪ್ಪು."

ಹನೀಫಾ ಕಾಲು ಚಾಚಿಕೊಂಡೇ, ಉಸಿರಾಡದೆ, ಒಮ್ಮೆ ಇವರನ್ನು ಒಮ್ಮೆ ಅವರನ್ನು ನೋಡುತ್ತಿದ್ದ.

"ಜನ ಎಂತ ಹೇಳ್ತಾರೆ ಮಗಾ?" ಮಾವನ ಸ್ವರದಲ್ಲಿ ಸಿಟ್ಟಿಗಿಂತ ನೋವಿತ್ತು. "ರಮಾನಾಥನ ಅಳಿಯ ನಾಸಿಕ್‌ಗೆ ಬಂದು ಬೇರೆಯವರಲ್ಲಿ ಉಳಿದ ಅಂತ..."

"ಎಂತ ಹೇಳ್ತಾರೆ?" ಎಂದರು ಶಶಿಪ್ರಭಾ ಮಾಮಿ.

ಎಲ್ಲರೂ ತಿರುಗಿದರು.

"ನನ್ನನ್ನೂ ಕರ್ಕೊಂಡು ಹೋಗಿದ್ರಲ್ಲ ನೀವು, ಮದುವೆಯಾದ ತಿಂಗಳು. ಅದೇ ಹೋಟೆಲು. ಕೆಳಗೆ ನೀರುಳ್ಳಿ ಹೆಚ್ಚುವ ಕೋಣೆ, ಅದರ ಮೇಲೆ ನಮ್ಮ ರೂಮು. ಬೆಳಿಗ್ಗೆ ಕೌಂಟರಿಗೆ ಇಳಿದರೆ ನೀವು ಮೇಲೆ ಬರುವಾಗ ನನಗೆ ನಿದ್ದೆ. ಹಗಲಿಡೀ ಕಿಟಕಿಯಲ್ಲಿ ಕೂತು ಬಸ್ಸು ನೋಡ್ತಿದ್ದೆ. ಒಂದಕ್ಕೆ ಹತ್ತಿ ಊರಿಗೆ ಹೋಗಿಬಿಡುವ ಅಂತ ಆಗಿತ್ತು."

ಮಾವ ಹೆಂಡತಿಯನ್ನು ಹೊಸದಾಗಿ ಕಂಡವರಂತೆ ನೋಡಿದರು.

"ನೀನು ಹೇಳಲೇ ಇಲ್ಲ ಶಶಿ."

"ನೀವು ಕೇಳಲೇ ಇಲ್ಲ." ಮಾಮಿಯ ಮುಖದಲ್ಲಿ ಸಣ್ಣ ನಗು. "ಇವನು ಕೇಳಿದ್ದಾನೆ ನೋಡಿ, ಇವಳಿಗೆ ಎಂತ ಬೇಕು ಅಂತ. ಹೋಗಲಿ ಬಿಡಿ."

ಮೈಕಿನಲ್ಲಿ ಫೈನಲ್‌ಗೆ ಕರೆ ಬಂತು. ರಮಾನಾಥ ಶೆಟ್ಟರು ಶಾಲು ತೆಗೆದು ಮಡಚಿದರು, ಬಿಚ್ಚಿದರು, ಮತ್ತೆ ಮಡಚಿದರು.

"ಆ ಮನೆಯಲ್ಲಿ," ಎಂದು ಕೇಳಿದರು, "ಬೆಳಿಗ್ಗೆ ತಿಂಡಿ ಉಂಟಾ?"

"ಉಂಟು ಮಾವ."

"ಎಂತ ಕೊಡ್ತಾರೆ?"

"ಬ್ರೆಡ್ಡು, ಆಮ್ಲೆಟ್."

"ಬ್ರೆಡ್ಡಾ!" ಮಾವನಿಗೆ ನಿಜವಾಗಿ ಸಂಕಟವಾಯಿತು. "ಮದುಮಗನಿಗೆ ಬ್ರೆಡ್ಡು!" ಆಮೇಲೆ ಶೋಧನ್‌ನ ಹೆಗಲಿಗೆ ಒಂದು ಏಟು ಹಾಕಿದರು. "ಹೋಗು. ಖುಷಿಯಾಗಿರಿ. ಆದರೆ ಆ ಮಧ್ಯಾಹ್ನದ ಊಟ ತಪ್ಪಿಸಿದರೆ ನಾನು ಬ್ರೆಡ್ಡಿನವನ ಮನೆಗೇ ಬರ್ತೇನೆ."

ಅವರು ಮಾಮಿಯ ಜೊತೆ ವೇದಿಕೆಯ ಕಡೆ ನಡೆದರು. ಸ್ವಲ್ಪ ದೂರ ಹೋದ ಮೇಲೆ ಮಾವ ಏನೋ ಕೇಳುವುದು, ಮಾಮಿ ತಲೆಯಾಡಿಸಿ ನಗುವುದು ಕಂಡಿತು.

ಸುರಕ್ಷಾ ಎದ್ದು ನಿಂತಳು. ಕೈಯಲ್ಲಿ ಟೇಪಿನ ಸುರುಳಿ ಹಾಗೇ ಇತ್ತು. ಅದರ ತುದಿ ಹನೀಫಾನ ಕಾಲಿಗೆ.

"ಇವತ್ತು ನೋಡ್ಲಿಕ್ಕೆ ತಟ್ಟೆ ಇರಲಿಲ್ಲ," ಎಂದ ಶೋಧನ್, ತನ್ನ ಎರಡೂ ಕೈ ಮುಂದೆ ಚಾಚಿ. "ನೋಡಿ."

ಅವಳು ಆ ಕೈಗಳನ್ನು ಹಿಡಿದುಕೊಂಡಳು. ಇಡೀ ಮೈದಾನದ ಎದುರು, ಊರಿನವರೆಲ್ಲರ ಎದುರು.

"ಅಕ್ಕಾ," ಹನೀಫಾ ಮೆಲ್ಲಗೆ ಹೇಳಿದ, "ನನ್ನ ಕಾಲು. ಫೈನಲ್ ಉಂಟು."

ಫೈನಲ್‌ನಲ್ಲಿ ಊರಿನ ತಂಡ ಎರಡು ಪಾಯಿಂಟಿಗೆ ಸೋತಿತು. ಕೋಚ್ ತಲೆಯ ಮೇಲೆ ಕೈಹೊತ್ತು ಕೂತಿದ್ದರು. ಪಕ್ಕದಲ್ಲಿ ಫಿಸಿಯೋ ನಗುತ್ತಾ ಮಂಜುಗಡ್ಡೆ ಹಂಚುತ್ತಿದ್ದುದು ಅವರಿಗೆ ಇಂದಿಗೂ ಅರ್ಥವಾಗಿಲ್ಲ. ಆ ನೀಲಿ ಬಾಗಿಲಿನ ಮನೆಯನ್ನು, ಬಂಡೆಗಳ ಮೇಲಿನ ಮನೆಯನ್ನು ಅವರಿಬ್ಬರೂ ಬುಕ್ ಮಾಡಿದ್ದು ಆ ಬೆಂಚಿನ ಮೇಲೆ ಕೂತೇ. ಕೊನೆಯ ಗುಂಡಿಯನ್ನು ಇಬ್ಬರ ಬೆರಳೂ ಸೇರಿ ಒತ್ತಿದವು.

*

ಫೆಬ್ರವರಿಯಲ್ಲಿ ದ್ರಾಕ್ಷಿ ಗೊಂಚಲುಗಳು ಕಪ್ಪಾಗಿದ್ದವು.

ಗುಡ್ಡದ ಮೇಲಿನ ಮನೆಯಲ್ಲಿ ಮೊದಲ ಬೆಳಿಗ್ಗೆ ಸುರಕ್ಷಾ ಎದ್ದಾಗ ಬಿಸಿಲು ಹಾಸಿಗೆಯವರೆಗೆ ಬಂದಿತ್ತು. ವರ್ಷಗಳಿಂದ ಕೋಳಿಗಿಂತ ಮೊದಲು ಏಳುತ್ತಿದ್ದ ಮನುಷ್ಯ ಪಕ್ಕದಲ್ಲಿ ಬಾಯಿ ಸ್ವಲ್ಪ ತೆರೆದು ಗಾಢ ನಿದ್ದೆಯಲ್ಲಿದ್ದ. ಅವಳು ಎಬ್ಬಿಸಲಿಲ್ಲ. ಗಲ್ಲಕ್ಕೆ ಕೈಕೊಟ್ಟು ನೋಡುತ್ತಾ ಮಲಗಿದಳು. ಹುಬ್ಬಿನಲ್ಲೊಂದು ಸಣ್ಣ ಮಚ್ಚೆ, ಈವರೆಗೆ ಕಂಡಿರಲಿಲ್ಲ.

ಸಂಜೆ ಜಗಲಿಯಲ್ಲಿ ಎರಡು ಗ್ಲಾಸು ಕೆಂಪು ವೈನ್. ಅವನು ಒಂದು ಗುಟುಕು ಕುಡಿದು ಮುಖ ಹಿಂಡಿದ.

"ಹುಳಿ!"

"ಇದಕ್ಕಾ ಮೂರು ವರ್ಷ ಆಸೆಪಟ್ಟದ್ದು?"

"ಇದಕ್ಕಲ್ಲ," ಎಂದ ಅವನು, ಗ್ಲಾಸು ಕೆಳಗಿಟ್ಟು ಅವಳನ್ನು ನೋಡುತ್ತಾ. "ಇದರ ಜೊತೆಗೆ ಕೂರುವವಳಿಗೆ."

ಮರುದಿನ ಮಧ್ಯಾಹ್ನ ಮಾವನ ಹೋಟೆಲಿನಲ್ಲಿ ಊಟ. ನೆರಿಯದ ಮ್ಯಾನೇಜರ್ ಹಾರ ಹಾಕಿದರು, ಕನ್ಯಾನದ ಅಡುಗೆಯವರು ಪಾಯಸ ಎರಡೆರಡು ಸಲ ಬಡಿಸಿದರು. ಮಾವ ಬಾಗಿಲವರೆಗೆ ಬಂದು ಬೀಳ್ಕೊಟ್ಟರು. "ನಾಳೆ ನಾನೂ ನಿನ್ನ ಮಾಮಿಯೂ ಆ ತೋಟಗಳನ್ನು ನೋಡಿ ಬರ್ತೇವೆ," ಎಂದರು, ಯಾರಿಗೋ ಸುದ್ದಿ ಸಿಗಬಾರದೆಂಬಂತೆ ಸ್ವರ ತಗ್ಗಿಸಿ. "ಕೌಂಟರ್ ಮ್ಯಾನೇಜರ್ ನೋಡ್ಕೊಳ್ತಾನೆ."

ಅಲ್ಲಿಂದ ಕಡಲು.

ಬಂಡೆಗಳ ಮೇಲಿನ ಮನೆಗೆ ಅವರು ತಲುಪಿದ್ದು ಹೊತ್ತು ಇಳಿಯುವಾಗ. ಕೆಳಗೆ ಮರಳಿನ ಮೇಲೆ ಆಗ ತಾನೇ ಬಂದ ದೋಣಿ, ಮೀನಿನ ಬುಟ್ಟಿಗಳು. ಶೋಧನ್ ಪ್ಯಾಂಟು ಮಡಚಿಕೊಂಡು ಇಳಿದು ಹೋಗಿ ಮೀನುಗಾರ ಹೆಂಗಸರ ಜೊತೆ ಮರಾಠಿಯಲ್ಲಿ ಚೌಕಾಸಿಗೆ ನಿಂತ. ಊರಲ್ಲಿ ಅಳೆದು ತೂಗಿ ಮಾತಾಡುವವನು ಇಲ್ಲಿ ಕೈಬೀಸಿ, ನಕ್ಕು, ರೇಗಿಸಿ, ಹರಿಯುವ ನೀರಿನಂತೆ ಮಾತಾಡುತ್ತಿದ್ದ. ಈ ಶೋಧನ್‌ನನ್ನು ಅವಳು ನೋಡಿರಲಿಲ್ಲ. ಚಪ್ಪಲಿ ಕೈಯಲ್ಲಿ ಹಿಡಿದು ಅವಳೂ ಇಳಿದಳು.

ಹೆಂಗಸರಲ್ಲಿ ಹಿರಿಯಳೊಬ್ಬಳು ಅವಳನ್ನು ನೋಡಿ ಏನೋ ಕೇಳಿದಳು. ಅವನು ಉತ್ತರಿಸಿದ. ಎಲ್ಲರೂ ಗೊಳ್ಳೆಂದು ನಕ್ಕರು.

"ಎಂತ ಕೇಳಿದ್ರು?"

"ಇವಳು ಯಾರು ಅಂತ."

"ನೀವೆಂತ ಹೇಳಿದ್ರಿ?"

"ಮಾಝೀ ಬಾಯ್ಕೋ."

"ಅಂದ್ರೆ?"

"ನನ್ನ ಹೆಂಡತಿ." ಅವನ ಕಿವಿ ಕೆಂಪಾಯಿತು, ಸೂರ್ಯನದೂ ಸ್ವಲ್ಪ ಪಾಲಿತ್ತು. "ಮತ್ತೆ, ಇವಳಿಗೆ ಒಳ್ಳೆಯ ಮೀನೇ ಕೊಡಬೇಕು, ಇವಳಿಗೋಸ್ಕರ ನಾನು ಮಾವನ ಎದುರು ನಿಂತವ ಅಂತಲೂ ಹೇಳಿದೆ."

ಅಲೆಯೊಂದು ಬಂದು ಇಬ್ಬರ ಪಾದಗಳನ್ನೂ ಒದ್ದೆಮಾಡಿ ಹೋಯಿತು. ಸುರಕ್ಷಾಳಿಗೆ ಇದ್ದಕ್ಕಿದ್ದಂತೆ ಹೇಳಲೇಬೇಕು ಎನಿಸಿತು. ಇಷ್ಟು ದಿನ ಹೇಳದೇ ಉಳಿದದ್ದು, ಮದುವೆಯ ಗಡಿಬಿಡಿಯಲ್ಲಿ ಯಾರೂ ಕೇಳದೇ ಹೋದದ್ದು.

"ಶೋಧನ್, ನನಗೆ ನೀನಂದ್ರೆ ತುಂಬಾ ಪ್ರೀತಿ."

'ನೀನು' ಎಂದದ್ದು ಅವಳಿಗೇ ಆಮೇಲೆ ತಿಳಿಯಿತು. ಅವನು ಕೈಯಲ್ಲಿದ್ದ ಮೀನಿನ ಚೀಲ ಮರಳಿನ ಮೇಲೆ ಬಿಟ್ಟ.

"ಇನ್ನೊಮ್ಮೆ ಹೇಳು."

"ಇಲ್ಲ. ಈಗ ನಿನ್ನ ಸರದಿ."

ಅವನು ಕಡಲಿಗೆ ಮುಖಮಾಡಿ, ಎರಡೂ ಕೈ ಬಾಯಿಗೆ ಹಿಡಿದು, ಜೀವಮಾನದಲ್ಲಿ ಅಷ್ಟು ದೊಡ್ಡ ಸ್ವರ ತೆಗೆದಿರದವನು, ಅವಳ ಹೆಸರನ್ನೂ ಪ್ರೀತಿಯನ್ನೂ ಒಂದೇ ಉಸಿರಿಗೆ ಕೂಗಿದ. ಕೂಗಿದ್ದು ಕನ್ನಡದಲ್ಲಿ. ಆದರೂ ಬುಟ್ಟಿಗಳ ಬಳಿಯಿದ್ದ ಹೆಂಗಸರಿಗೆಲ್ಲ ಅರ್ಥವಾಗಿ, ಅವರು ಚಪ್ಪಾಳೆ ತಟ್ಟಿದರು.